ಸಾಕಮ್ಮನ ಸೊನ್ನೆ

ಬೇರೆ ದಿನಗಳಲ್ಲಿ "ಏ ಸಾಕಮ್ಮ, ಗೇಟಿಗೆ ಅಡ್ಡ ಕೊಡ ಇಡಬೇಡ" ಎಂದು ಗದರುವ ಜ್ಞಾನರಾಜರು ಅಂದು ಚಪ್ಪಲಿ ಬಿಟ್ಟು ಒಳಗೆ ಬಂದು, "ಸಾಕಮ್ಮನವರೇ, ಚೆನ್ನಾಗಿದ್ದೀರಾ?" ಎಂದಾಗಲೇ ಅವಳಿಗೆ ಗುಮಾನಿ ಬಂತು. ಎಪ್ಪತ್ತನಾಲ್ಕು ವರ್ಷ ಬದುಕಿದವಳಿಗೆ ಅಷ್ಟೂ ತಿಳಿಯುವುದಿಲ್ಲವೇ?

ಜ್ಞಾನರಾಜರು ಮದ್ರಾಸಿನ ರಾಯಪುರಂನ ಪುಟ್ಟ ಕನ್ನಡ ಬ್ಯಾಪ್ಟಿಸ್ಟ್ ಸಭೆಯ ಕಾರ್ಯದರ್ಶಿ. ಸಭೆಗೆ ಬರುವವರು ಮೂವತ್ತು ಜನ, ಅವರಲ್ಲಿ ಇಪ್ಪತ್ತೊಂದು ಜನ ಕಮಿಟಿ. ಸಭೆಯನ್ನು ಕಟ್ಟಿದ ಪಾಸ್ಟರ್ ಹಾಲಿಸ್ ಹೋದ ತಿಂಗಳು ತಮ್ಮ ನ್ಯೂಜಿಲೆಂಡಿನಲ್ಲಿ ತೀರಿಕೊಂಡಿದ್ದರು. ಅವರು ಬದುಕಿದ್ದಾಗ ಮೂವತ್ತು ವರ್ಷ ಒಂದು ಕಾಗದವನ್ನೂ ಹಾಕದ ಕಮಿಟಿಗೆ ಈಗ ಎಲ್ಲಿಲ್ಲದ ಪ್ರೀತಿ ಉಕ್ಕಿಬಿಟ್ಟಿತ್ತು. ಭಾನುವಾರ ಸ್ಮರಣೆಯ ಕೂಟ. ನ್ಯೂಜಿಲೆಂಡಿನಿಂದ ಮೊಮ್ಮಗ ಬರುತ್ತಾನೆ. ‘ಸಾವಿರಾರು ಆತ್ಮಗಳನ್ನು ರಕ್ಷಿಸಿದ ಮಹನೀಯ’ ಎಂದು ಕೆತ್ತಿದ ಗ್ರಾನೈಟ್ ಕಲ್ಲೂ ತಯಾರಾಗಿತ್ತು.

"ಹದಿನೆಂಟು ವರ್ಷ ಪಾಸ್ಟರಯ್ಯನಿಗೆ ಅಡುಗೆ ಮಾಡಿದೋರು ನೀವು. ನೀವೇ ಸಾಕ್ಷಿ ಹೇಳ್ಬೇಕು. ಕಷ್ಟ ಆಗಬಾರದು ಅಂತ ನಾನೇ ಬರ್ದು ತಂದಿದ್ದೀನಿ," ಎಂದು ಜ್ಞಾನರಾಜರು ಹಾಳೆ ತೆಗೆದು ಓದಿದರು: "ನಾನು ಅಂಧಕಾರದಲ್ಲಿದ್ದೆ. ಪಾಸ್ಟರ್ ಹಾಲಿಸ್ ನನಗೆ ದೀಕ್ಷಾಸ್ನಾನ ಕೊಟ್ಟು ಬೆಳಕಿಗೆ ತಂದರು."

ಸಾಕಮ್ಮ ಗೋಡೆಯ ಮೇಲಿನ ಮಾದಪ್ಪನ ಪಟವನ್ನೊಮ್ಮೆ, ಅವರನ್ನೊಮ್ಮೆ ನೋಡಿದಳು. "ಕತ್ಲೇಲಿದ್ದದ್ದು ದಿಟ ಕನಪ್ಪ, ಆಗ ಕರೆಂಟಿರ್ನಿಲ್ಲ. ಆದ್ರೆ ನಾ ಯಾವಾಗ ನಿಮ್ ತೊಟ್ಟೀಲಿ ಮುಳುಗ್ದೆ? ನಂಗೇ ಗೊತ್ತಿಲ್ವಲ್ಲ!"

"ಕಲ್ಲು ನಿಲ್ಲಿಸೋಕೆ ಗೇಟಿನ ಹತ್ರದ ನಲ್ಲಿ ಕೀಳ್ಬೇಕು ಅಂತ ಕಮಿಟೀಲಿ ತೀರ್ಮಾನ ಆಗಿದೆ," ಎಂದರು ಜ್ಞಾನರಾಜರು ಸೂರು ನೋಡುತ್ತಾ. "ನೀವು ಇಷ್ಟು ಹೇಳಿಬಿಟ್ರೆ, ಕಲ್ಲನ್ನ ನಾನೇ ಬೇರೆ ಕಡೆ ಹಾಕಿಸ್ತೀನಿ."

ಆಹಾ, ಎಂಥ ದೊಡ್ಡ ಮನಸ್ಸು! ಆ ನಲ್ಲಿ ಹೋದರೆ ಎರಡು ಬೀದಿ ದಾಟಿ ಕೊಡ ಹೊರಬೇಕು, ಸಾಕಮ್ಮನ ಮಂಡಿಗಳೋ ಎಂದೋ ಕೈಕೊಟ್ಟಿದ್ದವು. ಓಣಿಯ ಹದಿನೈದು ಮನೆಗೂ ಬೇರೆ ಗತಿಯಿರಲಿಲ್ಲ. ಹೂಂ ಅಂದಳು.

ಅಂದಳೇನೋ ಸರಿ, ಆಮೇಲೆ ಅನ್ನ ಸೇರಲಿಲ್ಲ. ತೊಂಬತ್ತಮೂರರಲ್ಲಿ ಮದ್ರಾಸಿನ ಬಾವಿಗಳೆಲ್ಲ ಬತ್ತಿದಾಗ, ಏಳು ಜನರನ್ನು ಮುಳುಗಿಸಿ ದೀಕ್ಷಾಸ್ನಾನ ಕೊಡಲೆಂದು ಸಭೆಯ ತೊಟ್ಟಿಗೆ ಲಾರಿಯಲ್ಲಿ ನೀರು ತರಿಸಿ ತುಂಬಿಸಿದ್ದರು. ಬೀದಿಯಲ್ಲಿ ಖಾಲಿ ಕೊಡ ಹಿಡಿದು ನಿಂತ ಹೆಂಗಸರನ್ನು ಕಂಡ ಪಾಸ್ಟರಯ್ಯ ತಾವೇ ಉಳಿ ಹಿಡಿದು ಕಾಂಪೌಂಡ್ ಗೋಡೆ ಕೊರೆದು, ತೊಟ್ಟಿಯಿಂದ ಪೈಪು ಎಳೆದು, ಹೊರಗೆ ಈ ನಲ್ಲಿ ಕೂರಿಸಿಬಿಟ್ಟರು. ಮಳೆ ಬರುವ ತನಕ ತೊಟ್ಟಿಗೆ ಬಂದ ನೀರೆಲ್ಲ ಬೀದಿಗೆ ಹೋಯಿತು. ಆ ಏಳು ಜನ ಪಾಪ, ರಕ್ಷಣೆಯ ಅವಸರ ತಾಳಲಾರದೆ ನೀರಿದ್ದ ಬೇರೆ ಸಭೆಗೆ ಸೇರಿಕೊಂಡರು. ವರ್ಷದ ಕೊನೆಗೆ ತಮ್ಮನ್ನು ಕಳಿಸಿದ್ದ ವಿದೇಶದ ಕಚೇರಿಗೆ ದೀಕ್ಷಾಸ್ನಾನದ ವರದಿ ಕಳಿಸಬೇಕಿತ್ತು. ಪಾಸ್ಟರಯ್ಯ ಸೊನ್ನೆ ಎಂದು ಬರೆದರು.

"ಸಾಕಮ್ಮನ ಹೆಸರಾದ್ರೂ ಹಾಕಿ ಅಯ್ಯಾ," ಎಂದು ಆಗ ಗೋಗರೆದ ಯುವಕ ಬೇರೆ ಯಾರೂ ಅಲ್ಲ, ಇದೇ ಜ್ಞಾನರಾಜ. "ಅವಳು ತೊಟ್ಟಿಗೆ ಇಳಿದಿಲ್ಲ. ನಾನು ಬರೆಯುವುದಿಲ್ಲ," ಎಂದಿದ್ದರು ಪಾಸ್ಟರಯ್ಯ. ವಾಪಸು ಬನ್ನಿ ಎಂದು ಕಚೇರಿಯಿಂದ ಕಾಗದ ಬಂತು, ಪೆಟ್ಟಿಗೆ ಕಟ್ಟಿಕೊಂಡು ಹೊರಟುಹೋದರು.

ಭಾನುವಾರ ಮೈಕಿನ ಮುಂದೆ ನಿಂತ ಸಾಕಮ್ಮ ಹಾಳೆಯ ಮಾತು ಬಿಟ್ಟು ತನ್ನ ಮಾತೇ ಆಡಿದಳು.

"ನಾ ಯಾವತ್ತೂ ಆ ತೊಟ್ಟಿಗೆ ಇಳೀನಿಲ್ಲ. ಅಯ್ಯ ಒಂದೇ ಸಲ ಕೇಳುದ್ರು. ನಂಗೆ ಮಾದಪ್ಪ ಅವ್ನೆ ಅಂದೆ. ಸರಿ, ಮುದ್ದೆ ಹಾಕು ಅಂದ್ರು. ಮುಳುಗ್ಸೋ ನೀರ್ನ ನಮ್ಗೆ ಕುಡಿಯಕ್ಕೆ ಕೊಟ್ರು. ಸೊನ್ನೆ ಬರ್ದು ಕೆಲ್ಸ ಕಳ್ಕಂಡ್ರು."

ಜ್ಞಾನರಾಜರು ಎದ್ದು ಮೊಮ್ಮಗನಿಗೆ ಇಂಗ್ಲಿಷಿನಲ್ಲಿ ಗದ್ಗದವಾಗಿ ವಿವರಿಸಿದರು. ಅವನು ಕಣ್ಣೊರೆಸಿಕೊಂಡ. ಅಳುವಂಥದ್ದೇನು ಹೇಳಿದೆನಪ್ಪಾ ಎಂದು ಸಾಕಮ್ಮ ಮುಂದಿನ ಬೆಂಚಿನಲ್ಲಿದ್ದ ಜ್ಞಾನರಾಜರ ಮಗಳು ನೇಹಾಳ ಕಡೆ ಬಗ್ಗಿದಳು. "ನಿಮ್ಮಪ್ಪ ಏನಂದ್ರು ಕನವ್ವ?"

"ನೀವು ಬ್ಯಾಪ್ಟಿಸಂ ತಗೊಂಡ್ರಿ ಅಂದ್ರು, ಪಾಟಿ," ಎಂದು ನೇಹಾ ತಮಿಳು ಬೆರೆಸಿ ಅಜ್ಜಿಯ ಕಿವಿಯಲ್ಲಿ ಪಿಸುಗುಟ್ಟಿದಳು. "ಪರವಾಯಿಲ್ಲ, ವಿಡುಂಗೋ, ಬಿಟ್ಬಿಡಿ. ನಲ್ಲಿ ಆದ್ರೂ ಉಳಿಯುತ್ತಲ್ಲ."

ಅದೂ ನಿಜವೇ. ಸುಮ್ಮನಿದ್ದರೆ ಸಾಕಿತ್ತು. ಆದರೆ ಸಾಕಮ್ಮ ನೇಹಾಳ ರಟ್ಟೆ ಹಿಡಿದಳು. ಕೆಲಸ ಹೋದರೂ ತನ್ನ ಹೆಸರನ್ನು ಸುಳ್ಳಿಗೆ ಬರೆಯದ ಮನುಷ್ಯನನ್ನು ತಾನು ಎರಡು ಕೊಡ ನೀರಿಗೆ ಸುಳ್ಳುಗಾರನನ್ನಾಗಿ ಮಾಡುವುದೇ?

"ನಲ್ಲಿ ಮನೆ ಹಾಳಾಗೋಗ್ಲಿ. ಏಳವ್ವ, ಸೊನ್ನೆ ಅಂತ ಹೇಳು ಅವನ್ಗೆ."

ನೇಹಾ ಅಪ್ಪನ ಕಡೆ ನೋಡದೆ ಎದ್ದು ನಿಂತು ಎಲ್ಲವನ್ನೂ ಹೇಳಿದಳು. ಜ್ಞಾನರಾಜರ ಮುಖ ಇಂಗು ತಿಂದ ಮಂಗನಂತಾಯಿತು. ಮೊಮ್ಮಗ ಕಣ್ಣಲ್ಲಿ ನೀರಿದ್ದಂತೆಯೇ ಬಿದ್ದು ಬಿದ್ದು ನಕ್ಕು ಏನೋ ಹೇಳಿದ.

"ರಾಯಪುರಂನಲ್ಲಿ ಒಬ್ಬಾಕೆ ಹದಿನೆಂಟು ವರ್ಷ ಮುದ್ದೆ ತಿನ್ನಿಸಿದ್ಲು, ತೊಟ್ಟೀಲಿ ಒಂದು ಬೆರಳೂ ನೆನೆಸ್ಲಿಲ್ಲ ಅಂತ ಇವರ ತಾತ ಹೇಳಿ ಹೇಳಿ ನಗ್ತಿದ್ರಂತೆ," ಎಂದಳು ನೇಹಾ. "ಅದು ನೀವೇನಾ ಅಂತ ಕೇಳ್ತಿದ್ದಾರೆ, ಪಾಟಿ."

ಸಾಕಮ್ಮ ಹೂಂ ಅಂದದ್ದೇ ತಡ, ಅವನು ನೇರ ನಲ್ಲಿಯ ಹತ್ತಿರ ಹೋಗಿ ಬೊಗಸೆಯೊಡ್ಡಿ ನೀರು ಕುಡಿದ. "ಸರ್, ಮಿನರಲ್ ವಾಟರ್! ಮಿನರಲ್ ವಾಟರ್!" ಎಂದು ಜ್ಞಾನರಾಜರು ಬಾಟಲಿ ಹಿಡಿದು ಹಿಂದೆ ಓಡಿದರು.

ಫಾರಿನ್ನಿನವನು ಕುಡಿದ ನಲ್ಲಿಯನ್ನು ಕೀಳುವ ಎದೆಗಾರಿಕೆ ಯಾವ ಕಮಿಟಿಗಿದೆ? ನಲ್ಲಿ ಉಳಿಯಿತು. ಕಲ್ಲನ್ನು ಮಾತ್ರ, ‘ಸಾವಿರಾರು ಅಂದರೆ ಯಾರು ಯಾರು?’ ಎಂದು ಅವನು ಕೇಳಿಬಿಟ್ಟದ್ದರಿಂದ, ನಿಲ್ಲಿಸಲು ಯಾರೂ ಮುಂದೆ ಬರಲಿಲ್ಲ. ಅದು ನಲ್ಲಿಯ ಬುಡದಲ್ಲೇ ಅಂಗಾತ ಬಿದ್ದಿತ್ತು.

ಮರುದಿನ ಬೆಳಿಗ್ಗೆ ಸಾಕಮ್ಮ ‘ಸಾವಿರಾರು’ ಮೇಲೆ ಕೊಡ ಇಟ್ಟು ನಲ್ಲಿ ತಿರುಗಿಸಿದಳು. ಕೊಡ ಒಂದಿಷ್ಟೂ ಅಲುಗಾಡಲಿಲ್ಲ.

"ಕಲ್ಲೇನೋ ಚೆಂದಾಗದೆ," ಎಂದಳು ಹಿಂದೆ ನಿಂತಿದ್ದ ಪಕ್ಕದ ಮನೆಯ ಚಿಕ್ಕತಾಯಮ್ಮನಿಗೆ. "ಈ ಅಕ್ಸರ ಎಷ್ಟು ದಿನಕ್ಕೆ ಸವೀತದೋ ನೋಡವ."