ಸ್ನಾನಕ್ಕೆ ಎಷ್ಟು ಹೊತ್ತು

ಪಾರ್ಶ್ವವಾಯು ಬಡಿದು ಬಲಗೈ ಬಲಗಾಲು ಸ್ವಾಧೀನ ತಪ್ಪಿದ ಮೇಲೆ, ಬಸ್ ಡ್ರೈವರ್ ಆಗಿದ್ದ ಅಣ್ಣನಿಗೆ ತಂಗಿಯೊಬ್ಬಳೇ ದಿಕ್ಕು. ಮುಂದಿನ ಕೋಣೆಯಲ್ಲಿ ಅವಳ ಹೊಲಿಗೆ ಮಷಿನ್, ಒಳಗಿನ ಕೋಣೆಯಲ್ಲಿ ಅವನ ಮಂಚ. ನಗರಸಭೆಯ ಆರೈಕೆ ಯೋಜನೆಯಿಂದ ವಾರಕ್ಕೆ ಆರು ದಿನ ಸಹಾಯಕನೊಬ್ಬ ಬಂದು ಸ್ನಾನ ಮಾಡಿಸಿ ಹೋಗುತ್ತಿದ್ದ. ಒಂದು ದಿನ ಪತ್ರ ಬಂತು: ಇನ್ನು ಮುಂದೆ ವಾರಕ್ಕೆ ಎರಡೇ ದಿನ.

ಉಳಿದ ದಿನ ತಂಗಿಯೇ ಎತ್ತಿ ಕೂರಿಸಿದಳು. ಮೂರನೇ ವಾರಕ್ಕೆ ಸೊಂಟ ಹಿಡಿದುಕೊಂಡಿತು. ಕುಂಟುತ್ತಲೇ ವಾರ್ಡ್ ಸದಸ್ಯೆಯ ಕಚೇರಿಗೆ ಹೋಗಿ, ಜಗಳಕ್ಕೆ ಸಿದ್ಧಳಾಗಿಯೇ ಕೂತಳು. ಸದಸ್ಯೆ ಎಲ್ಲ ಕೇಳಿಸಿಕೊಂಡು, "ನಾಳೆ ಎಷ್ಟು ಹೊತ್ತಿಗೆ ಸ್ನಾನ?" ಎಂದಷ್ಟೇ ಕೇಳಿದರು.

ಬೆಳಿಗ್ಗೆ ಏಳಕ್ಕೆ ಬಂದರು, ಒಬ್ಬರೇ.

"ಏನಮ್ಮ, ಚುನಾವಣೆ ಇನ್ನೂ ದೂರ ಇದೆಯಲ್ಲ, ದಾರಿ ತಪ್ಪಿ ಬಂದ್ರಾ?" ಎಂದ ಡ್ರೈವರ್.

"ಇಲ್ಲಣ್ಣ, ನೋಡೋಕೆ ಬಂದೆ."

ಬಚ್ಚಲ ಬಾಗಿಲವರೆಗೆ ಒಂದು ಭುಜಕ್ಕೆ ತಂಗಿ, ಇನ್ನೊಂದಕ್ಕೆ ಸದಸ್ಯೆ. "ನಿಧಾನ, ಗಾಡಿಗೆ ಬ್ರೇಕ್ ಸರಿಯಿಲ್ಲ," ಎಂದು ಅವನು ನಗಿಸುತ್ತಿದ್ದಂತೆಯೇ ಮೊಣಕಾಲು ಕುಸಿಯಿತು. ಮೂವರೂ ಗೋಡೆಗೆ ಆತುಕೊಂಡು ನಿಂತರು. ಮತ್ತೆ ಮಂಚಕ್ಕೆ ಬಂದು ಅಂಗಿಯ ಗುಂಡಿ ಹಾಕುವಷ್ಟರಲ್ಲಿ ಒಂದು ಗಂಟೆ ಹತ್ತು ನಿಮಿಷ ಕಳೆದಿತ್ತು.

ಅಡುಗೆಮನೆಯಲ್ಲಿ ಸದಸ್ಯೆ ಚಹಾದ ಲೋಟ ಕೆಳಗಿಟ್ಟರು. "ಆ ಕಡಿತಕ್ಕೆ ಕೈ ಎತ್ತಿದವರಲ್ಲಿ ನಾನೂ ಒಬ್ಬಳು, ಅಕ್ಕ. 'ಸ್ನಾನ ಹದಿನೈದು ನಿಮಿಷ, ಮನೆಯವರೇ ಮಾಡಿಸಬಹುದು' ಅಂತ ಪ್ರಸ್ತಾವದಲ್ಲಿ ಬರೆದಿತ್ತು. ಯಾರ ಮನೆ ಅಂತ ನಾನು ಕೇಳಲೇ ಇಲ್ಲ."

ತಂಗಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಇಷ್ಟು ದಿನದಲ್ಲಿ ತಪ್ಪು ತನ್ನದು ಎಂದವರು ಇವರೊಬ್ಬರೇ. ಸಕ್ಕರೆ ಡಬ್ಬಿಯನ್ನು ಅವರ ಕಡೆ ಸರಿಸಿದಳು.

ನಗರಸಭೆಯ ಮುಂದಿನ ಸಭೆಗೆ ತಂಗಿಯೂ ಹೋಗಿ ಸಾರ್ವಜನಿಕರ ಬೆಂಚಿನಲ್ಲಿ ಕೂತಳು. ಸದಸ್ಯೆ ಎದ್ದು, ಅದೇ ಮಾತನ್ನು ಎಲ್ಲರೆದುರು ಹೇಳಿದರು. ಹಿರಿಯ ಸದಸ್ಯನೊಬ್ಬ ಕಿಸಕ್ಕೆಂದ.

"ನಗಿ, ಪರವಾಗಿಲ್ಲ. ಮತ್ತೆ ಮತ ಹಾಕೋ ಮುಂಚೆ ನಿಮ್ಮ ವಾರ್ಡಲ್ಲಿ ಇಂಥ ಒಂದು ಮನೆಗೆ, ಒಂದು ಬೆಳಿಗ್ಗೆ ಹೋಗಿ ಬನ್ನಿ. ನಾನು ಕೇಳೋದು ಅಷ್ಟೇ."

ಕೆಲವರು ಹೋದರು, ಕೆಲವರು ನೆಪ ಹೇಳಿದರು. ನಕ್ಕ ಆ ಹಿರಿಯ ಸದಸ್ಯನೂ ಹೋಗಿದ್ದ; ಮರುತಿಂಗಳು ವಿಷಯ ಮತಕ್ಕೆ ಬಂದಾಗ ಮೊದಲು ಎದ್ದದ್ದು ಅವನ ಕೈಯೇ. ಸ್ವಂತ ಬಲದಲ್ಲಿ ನಿಲ್ಲಲಾಗದವರಿಗೆಲ್ಲ ವಾರಕ್ಕೆ ನಾಲ್ಕು ದಿನ ಎಂದಾಯಿತು.

ಆ ದಿನವೂ ಬಂದಿದ್ದ ತಂಗಿಗೆ ಹೊರಗೆ ಮೆಟ್ಟಿಲ ಮೇಲೆ ಸಿಕ್ಕ ಸದಸ್ಯೆಯ ಮುಖ ಸಪ್ಪಗಿತ್ತು. "ಆರು ಆಗಲಿಲ್ಲ ಅಕ್ಕ. ಇನ್ನೆರಡು ದಿನದ ವಿಷಯ ನಾನು ಬಿಡಲ್ಲ."

"ಬಿಡಬೇಡಿ ಮೇಡಂ. ಆದ್ರೆ ಈ ನಾಲ್ಕು ದಿನ ನನ್ನ ಸೊಂಟ ನಿಮ್ಮನ್ನ ನೆನೆಸ್ಕೊಳ್ಳುತ್ತೆ," ಎಂದಳು ತಂಗಿ. ಇಬ್ಬರೂ ನಕ್ಕರು. ಸುದ್ದಿ ಕೇಳಲು ಅಣ್ಣ ಕಾಯುತ್ತಿರುತ್ತಾನೆಂದು ಅವಳು ಬೇಗ ಬೇಗ ಮೆಟ್ಟಿಲಿಳಿದಳು.