ಬ್ಯಾಕ್ ಪ್ರೆಶರ್

ಎಲ್ಲಿಂದ ಶುರು ಮಾಡಲಿ? ಎಂಜಿನ್ನಿನಿಂದಲೋ, ಹೊಗೆ ಹೊರಬೀಳುವ ಬಾಲದಿಂದಲೋ? ನಾನು ಬಾಲದಿಂದ ಹಿಡಿದು ಒಂದೂವರೆ ಪುಟ ಗೀಚಿದ್ದೆ. ಸೈಲೆನ್ಸರ್ ಎಂದರೆ ಮನುಷ್ಯನ ಅದುಮಿಟ್ಟ ಮಾತಿನ ಸಂಕೇತ, ಅದು ಇದು ಎಂದು ಭರ್ಜರಿಯಾಗಿಯೇ ಇತ್ತು. ಅಷ್ಟರಲ್ಲಿ ಕಥಾನಾಯಕಿ ಕಾರಿನ ಅಡಿಯಿಂದ ಕೈ ಹೊರಚಾಚಿದಳು.

"ಸಾರ್, ಸಂಕೇತ ಗಿಂಕೇತ ಆಮೇಲಿಟ್ಕೊಳ್ಳಿ. ಆ ಹದಿನಾಲ್ಕರ ಸ್ಪ್ಯಾನರ್ ಸ್ವಲ್ಪ ಈ ಕಡೆ ತಳ್ಳಿ."

ತಳ್ಳಿದೆ. ಒಂದೂವರೆ ಪುಟವನ್ನೂ ಹರಿದು ಕೈ ಒರೆಸಿಕೊಳ್ಳಲು ಕೊಟ್ಟೆ. ಅಷ್ಟಕ್ಕಾದರೂ ಉಪಯೋಗವಾಯಿತು.

೨

(ಒಂದು ಎಲ್ಲಿ ಎನ್ನಬೇಡಿ. ಅದರಲ್ಲೇ ಅವಳು ಕೈ ಒರೆಸಿಕೊಂಡದ್ದು.)

ಅವಳಿಗೆ ಮೂವತ್ತೆಂಟು. ಸೈಲೆನ್ಸರ್ ಶೆಡ್ಡಿನಲ್ಲಿ ಹದಿನೇಳು ವರ್ಷದಿಂದ ವೆಲ್ಡಿಂಗ್ ಕೆಲಸ. ಶೆಡ್ಡು ಅವಳ ಅಣ್ಣನದು. ಅವನು ದಿನಕ್ಕೆ ನೂರು ಸಲ "ತಂಗೀ" ಎಂದು ಕೂಗಿ ಕೂಗಿ ಗಿರಾಕಿಗಳ ಬಾಯಲ್ಲೂ ಅದೇ ಅವಳ ಹೆಸರಾಗಿಬಿಟ್ಟಿದೆ. ಅವಳಿಗಿಂತ ಹದಿನೈದು ವರ್ಷ ಚಿಕ್ಕವರೂ ನಾಚಿಕೆಯಿಲ್ಲದೆ "ತಂಗಿ, ನನ್ ಗಾಡಿ ಆಯ್ತಾ?" ಎನ್ನುತ್ತಾರೆ. ನಾನೂ ತಂಗಿ ಎಂದೇ ಬರೆಯುತ್ತೇನೆ. ಬೇರೆ ಹೆಸರಿಟ್ಟರೆ ಅವಳೇ ತಿರುಗಿ ನೋಡುವುದಿಲ್ಲ.

ಕಾರು ಒಬ್ಬ ಹಲ್ಲಿನ ಡಾಕ್ಟರದು. ಟರ್ಬೊ ಎಂಜಿನ್ನು. ಟರ್ಬೊ ಎಂದರೆ, ಹೊಗೆಯ ರಭಸಕ್ಕೆ ತಿರುಗುವ ಒಂದು ಪುಟ್ಟ ಚಕ್ರ. ಅದು ತಿರುಗಿದಷ್ಟೂ ಎಂಜಿನ್ನಿನೊಳಕ್ಕೆ ಇನ್ನಷ್ಟು ಗಾಳಿ ತುರುಕುತ್ತದೆ, ಗಾಡಿ ಇನ್ನಷ್ಟು ಎಳೆಯುತ್ತದೆ. (ನನಗೆ ಅರ್ಥವಾದದ್ದು ಇಷ್ಟು. ಜಾಸ್ತಿ ಕೇಳಿದರೆ ಬೆಬ್ಬೆಬ್ಬೆ ಎನ್ನುತ್ತೇನೆ.) ಡಾಕ್ಟರಿಗೆ ಕಾರು ಇನ್ನೂ ಜೋರಾಗಿ ಓಡಬೇಕಂತೆ. ಎಲ್ಲಿಗೆ ಎಂದು ಕೇಳಿದೆ. ಕ್ಲಿನಿಕ್ಕಿಗೆ ಎಂದರು. ಮಧ್ಯೆ ನಾಲ್ಕು ಸಿಗ್ನಲ್ಲು.

೩

ಜಗಳ ಶುರುವಾದದ್ದು ಟರ್ಬೊ ಚಕ್ರದಿಂದ ಹಿಂದಕ್ಕೆ ಹೋಗುವ ಪೈಪು ಎಷ್ಟು ಅಗಲ ಇರಬೇಕು ಎಂಬುದಕ್ಕೆ.

ಅಣ್ಣ ಎರಡೂಕಾಲು ಇಂಚಿನ ಪೈಪು ಮಾಡಿ, ಬೆಳಿಗ್ಗೆಯೇ ರೋಲರ್ ಮೇಲೆ ಓಡಿಸಿ ನೋಡಿದ್ದ. ರೋಲರ್ ಎಂದರೆ ಕಾರನ್ನು ಬೆಲ್ಟಿನಿಂದ ಕಟ್ಟಿಹಾಕಿ, ನಿಂತಲ್ಲೇ ಓಡಿಸಿ, ಎಷ್ಟು ಕುದುರೆಯ ಶಕ್ತಿ ಇದೆ ಎಂದು ಅಳೆಯುವ ಯಂತ್ರ. ನೂರ ಎಪ್ಪತ್ತೆರಡು ಬಂತು. ತಂಗಿ ಮೂಗು ಮುರಿದಳು. ಮೂರಿಂಚು ಹಾಕಿದರೆ ಇನ್ನೂ ಬರುತ್ತದೆ ಎಂದಳು.

"ಎಂಜಿನ್ನಿಗೆ ಸ್ವಲ್ಪ ಬ್ಯಾಕ್ ಪ್ರೆಶರ್ ಬೇಕೇ ಬೇಕು" ಎಂದ ಅಣ್ಣ, ಕಡ್ಡಿ ಮುರಿದಂತೆ. ಇಪ್ಪತ್ತೈದು ವರ್ಷದಿಂದ ಪ್ರತಿ ಗಿರಾಕಿಗೂ ಅವನು ಹೇಳುತ್ತ ಬಂದ ಮಾತು ಅದು. ಹೊಗೆಗೆ ಹಿಂದಿನಿಂದ ಒಂಚೂರು ತಡೆ ಇದ್ದರೇ ಎಂಜಿನ್ನಿಗೆ ಕ್ಷೇಮ ಎಂಬುದು ಅದರ ಭಾವಾರ್ಥ. ನಾನೂ ಎಲ್ಲೋ ಕೇಳಿದ್ದೆ. ಹಾಗಾಗಿ ಕಥೆಯಲ್ಲಿ ಸತ್ಯವೆಂಬಂತೆ ಬರೆದೆ: "ಅಣ್ಣ ಹೇಳಿದ್ದು ನಿಜವೇ ಆಗಿತ್ತು."

"ಯಾರ್ರೀ ಹೇಳಿದ್ದು ನಿಜ ಅಂತ?" ತಂಗಿ ವೆಲ್ಡಿಂಗ್ ಮುಖವಾಡ ಮೇಲೆತ್ತಿ ನನ್ನನ್ನೇ ದುರುಗುಟ್ಟಿ ನೋಡಿದಳು. "ಟರ್ಬೊ ಇಲ್ಲದ ಹಳೇ ಗಾಡಿಗಳಿಗೆ ಪೈಪು ತೀರಾ ದೊಡ್ಡದಾದ್ರೆ ಹೊಗೆ ವೇಗ ಕಳ್ಕೊಳ್ಳುತ್ತೆ, ಎಳೆತ ಕಮ್ಮಿ ಆಗುತ್ತೆ. ಅಣ್ಣ ಅದನ್ನ ಕಣ್ಣಾರೆ ನೋಡಿದಾನೆ. ನೋಡಿದ್ದು ಸರಿ. ಅದಕ್ಕಿಟ್ಟ ಹೆಸರು ತಪ್ಪು. ಟರ್ಬೊ ಗಾಡೀಲಿ ಚಕ್ರದ ಹಿಂದೆ ದಾರಿ ಬಿಡುವಾಗಿದ್ದಷ್ಟೂ ಒಳ್ಳೇದು. ತಡೆ ಯಾರಿಗ್ರೀ ಬೇಕು?"

ಆ ವಾಕ್ಯ ಹೊಡೆದುಹಾಕಿದೆ. (ನೀವು ಅದನ್ನು ಓದಿಯಾಗಿದೆ. ಮರೆತುಬಿಡಿ.)

ಡಾಕ್ಟರ ಎದುರಿಗೇ ಮಾತು ಏರಿತು. "ಸರಿ, ಮಾಡು" ಎಂದ ಅಣ್ಣ. "ನನ್ನ ಪೈಪಿಗಿಂತ ಒಂದೇ ಒಂದು ಕುದುರೆ ಜಾಸ್ತಿ ಬರ್ಲಿ, ಇನ್ಮೇಲೆ ಟರ್ಬೊ ಗಾಡಿ ಎಲ್ಲ ನಿಂದೇ. ಬರ್ಲಿಲ್ಲ ಅಂದ್ರೆ ಬಾಯಿ ಮುಚ್ಕೊಂಡು ನಾನು ಗೀಟು ಹಾಕಿದ ಕಡೆ ವೆಲ್ಡ್ ಮಾಡು."

"ಬರ್ಲಿಲ್ಲ ಅಂದ್ರೆ ನಾನು ಇಲ್ಲಿ ಇರೋದೇ ಇಲ್ಲ" ಎಂದಳು ತಂಗಿ, ಸಿಟ್ಟಿನಲ್ಲಿ.

"ಹೋಗು."

ಹದಿನೇಳು ವರ್ಷದಲ್ಲಿ ಅವನು ಬೈದಿದ್ದ, ಸ್ಪ್ಯಾನರ್ ಎಸೆದಿದ್ದ, ಮೂರು ದಿನ ಮುಖ ಊದಿಸಿಕೊಂಡು ಮಾತು ಬಿಟ್ಟಿದ್ದ. ಹೋಗು ಎಂದಿರಲಿಲ್ಲ. ಶೆಡ್ಡು ಬಿಟ್ಟರೆ ಅವಳಿಗೆ ಬೇರೆ ಕೆಲಸ ಸಿಗುತ್ತಿತ್ತು, ಅದೇನೂ ದೊಡ್ಡದಲ್ಲ. ಆದರೆ ಅವಳಿಗೆ ಈ ಶೆಡ್ಡೇ ಬೇಕಿತ್ತು.

೪

ಪೈಪು ಮಾಡಿದ್ದನ್ನು ವರ್ಣಿಸಲೇಬೇಕು. ಸ್ಟೀಲ್ ಪೈಪನ್ನು ಓರೆಯಾಗಿ ಕತ್ತರಿಸಿ, ತುಂಡಿಗೆ ತುಂಡು ಕೂಡಿಸಿ, ಬೆಸುಗೆ ಒಳಗಿನಿಂದ ಕರಕಲಾಗದಂತೆ ಆರ್ಗಾನ್ ಗ್ಯಾಸ್ ಬಿಟ್ಟುಕೊಂಡು ಅವಳು ಬೆಸುಗೆ ಹಾಕಿದಳು. ಹೊಗೆ ಶುದ್ಧಿ ಮಾಡುವ ಡಬ್ಬಿಯನ್ನು ಬಿಸಾಡಲಿಲ್ಲ, ಅಗಲವಾದದ್ದನ್ನೇ ಹುಡುಕಿ ಕೂರಿಸಿದಳು. "ಶಕ್ತಿ ಬೇಕು ಅಂತ ಊರಿನವ್ರ ಮೂಗಿಗೆ ಹೊಗೆ ಹಾಕೋಕಾಗುತ್ತಾ?" ಎಂದಳು. ಮೂರು ದಿನ ಹಿಡಿಯಿತು. ತಾನೇ ಅಳತೆ ಹಾಕಿ ಮಾಡಿದ ಮೊದಲ ಪೈಪು ಅದು. ಅವಳಿಗೆ ಹೆಮ್ಮೆಯಾಯಿತು. ಹೆಮ್ಮೆಯಾಯಿತು ಎಂದೇ ಬರೆಯಿರಿ, ಸುತ್ತಿ ಬಳಸಿ ಹೇಳಬೇಡಿ ಎಂದೂ ಹೇಳಿದಳು.

ನಾಲ್ಕನೇ ದಿನ ಬೆಳಿಗ್ಗೆ ಪೈಪು ಜೋಡಿಸಿದಳು. ಮಧ್ಯಾಹ್ನ ಊಟ ಮುಗಿಸಿ ಬಂದು, ಡಾಕ್ಟರ ಎದುರಿಗೇ ರೋಲರ್ ಮೇಲೆ ಕಾರು ಓಡಿಸಿದಳು.

ನೂರ ಅರವತ್ತನಾಲ್ಕು. ಅಣ್ಣನ ಪೈಪಿಗಿಂತ ಎಂಟು ಕುದುರೆ ಕಮ್ಮಿ.

೫

ಆಹಾ! ನನಗೆ ಖುಷಿಯೋ ಖುಷಿ. ದುರಂತ ತಾನಾಗಿ ಒದಗಿಬಂದಿತ್ತು. ತಕ್ಷಣ ಬರೆದೆ: "ತಂಗಿ ಕೈಗವಸು ಕಳಚಿ ಮೇಜಿನ ಮೇಲಿಟ್ಟು, ಹಿಂತಿರುಗಿ ನೋಡದೆ ನಡೆದಳು. ಮುಗಿಯಿತು."

"ಏನ್ ಮುಗೀತು?" ಎಂದಳು ತಂಗಿ. "ನಡೆಯೋಕೆ ನಂಗೇನು ಹುಚ್ಚಾ? ಟರ್ಬೊ ಚಕ್ರ ತಿರುಗೋ ಸಿಳ್ಳೆ ಕೇಳಿಸಲಿಲ್ವಾ ನಿಮಗೆ? ಟರ್ಬೊ ಎಷ್ಟು ತಡವಾಗಿ ಎದ್ದಿತು! ಎಲ್ಲೋ ದಾರಿ ಕಟ್ಟಿದೆ. ಲೈಟ್ ಹಿಡೀರಿ."

ಹಿಡಿದೆ. ಅವಳು ಕಾರಿನ ಅಡಿಗೆ ಹೋಗಿ, ಎರಡು ಪೈಪು ಕೂಡುವ ಕಡೆ ಕಣ್ಣು ನೆಟ್ಟಳು. ತಂಗಿ ಬೋಲ್ಟ್ ಹಾಕಿದರೆ ತಲೆ ಯಾವಾಗಲೂ ಎಂಜಿನ್ನಿನ ಕಡೆ. ಇಲ್ಲಿ ಮೂರಕ್ಕೆ ಮೂರೂ ತಲೆ ಹಿಂದಕ್ಕಿದ್ದವು. ಶೆಡ್ಡಿನಲ್ಲಿ ಹಾಗೆ ಹಾಕುವವನು ಒಬ್ಬನೇ.

ಪೈಪು ಕೆಂಡದಂತೆ ಕಾದಿತ್ತು. ಫ್ಯಾನ್ ಇಟ್ಟು ಮುಕ್ಕಾಲು ಗಂಟೆ ಕಾಯಬೇಕಾಯಿತು. (ಆ ಹೊತ್ತನ್ನು ತುಂಬಿಸಲು ನನ್ನ ಬಳಿ ಏನೂ ಇರಲಿಲ್ಲ. ಡಾಕ್ಟರು ಬೇಜಾರಾಗಿ ಅಣ್ಣನ ಬಾಯಿ ತೆರೆಸಿ, ಒಂದು ದವಡೆ ಹಲ್ಲು ಹುಳುಕಾಗಿದೆ ಎಂದು ತೀರ್ಪು ಕೊಟ್ಟರು.)

ಬೋಲ್ಟ್ ಬಿಚ್ಚಿದಾಗ ಒಳಗಿನಿಂದ ಒಂದು ಉಕ್ಕಿನ ಬಿಲ್ಲೆ ಬಿತ್ತು. ಅಂಗೈಯಗಲ, ನಡುವೆ ತೂತು. ಮೂರಿಂಚಿನ ದಾರಿಯನ್ನು ಒಂದೂವರೆ ಇಂಚು ಮಾಡಿದ್ದ ಬಿಲ್ಲೆ. ತೂತಿನ ಅಂಚನ್ನು ಅರದಲ್ಲಿ ಉಜ್ಜಿ ಉಜ್ಜಿ ನಯಗೊಳಿಸಲಾಗಿತ್ತು.

೬

ಸಿಕ್ಕಿಬಿದ್ದ ಖಳನಾಯಕ! ನಾನು ಅಣ್ಣನ ಮೀಸೆಯನ್ನು ಸ್ವಲ್ಪ ದಪ್ಪ ಮಾಡಿ, ಕಣ್ಣಿಗೆ ಒಂದು ಕ್ರೂರ ನಗೆ ಹಾಕಲು ಹೊರಟೆ. ಅವನು ನನ್ನ ಪೆನ್ನು ಹಿಡಿದುಕೊಂಡ.

"ಏನ್ರೀ, ನನ್ನನ್ನ ಕಳ್ಳ ಮಾಡ್ತಿದ್ದೀರಾ?"

"ಮತ್ತೇನು ಮೇಸ್ತ್ರಿ? ಅವಳು ಊಟಕ್ಕೆ ಹೋದಾಗ ಕದ್ದು ಬಿಲ್ಲೆ ಇಟ್ಟವರು ನೀವೇ ತಾನೆ?"

"ಇಟ್ಟೆ. ಅಷ್ಟಗಲದ ಪೈಪು ಹಾಕಿ, ಬ್ಯಾಕ್ ಪ್ರೆಶರ್ ಇಲ್ದೆ ಎಂಜಿನ್ ಒಡೆದುಹೋದ್ರೆ ಡಾಕ್ಟ್ರು ಯಾರನ್ನ ಹಿಡ್ಕೋತಾರೆ? ಅವಳನ್ನ. ಅವಳ ಮೊದಲನೇ ಪೈಪು ಕಣ್ರೀ ಇದು. ಮೊದಲನೇದೇ ಕೆಟ್ರೆ ಆಮೇಲೆ ಯಾರು ಅವಳ ಹತ್ರ ಗಾಡಿ ತರ್ತಾರೆ? ಅದಕ್ಕೇ ಒಂಚೂರು ತಡೆ ಇಟ್ಟೆ."

"ಹೇಳಿ ಇಡಬಹುದಿತ್ತಲ್ಲ?"

"ಹೇಳಿದ್ರೆ ಕೇಳ್ತಾಳಾ ಅವಳು?"

"ಸರಿ, ಕುದುರೆ ಕಮ್ಮಿ ಬಂದರೆ ಅವಳು ಶೆಡ್ಡು ಬಿಟ್ಟು ಹೋಗ್ತಾಳಲ್ಲ. ಅದು?"

ಅಣ್ಣನ ಮುಖ ಪೆಚ್ಚಾಯಿತು. ಪುಣ್ಯಾತ್ಮನಿಗೆ ಅದು ಹೊಳೆದೇ ಇರಲಿಲ್ಲ! ಎಂಜಿನ್ ಉಳಿಸುವ ಗಡಿಬಿಡಿಯಲ್ಲಿ ತಂಗಿಯನ್ನೇ ಪಣಕ್ಕಿಟ್ಟದ್ದು ಮರೆತಿದ್ದ. ಪೆನ್ನು ಬಿಟ್ಟು, ಬಿಲ್ಲೆಯನ್ನು ಎತ್ತಿಕೊಂಡು ಸುಮ್ಮನೆ ತಿರುಗಿಸಿ ನೋಡುತ್ತ ನಿಂತ. ತಂಗಿಗೆ ಎಲ್ಲ ಕೇಳಿಸಿತ್ತು. ಅವಳಿಗೆ ಸಿಟ್ಟೂ ಬಂತು, ಅಳುವೂ ಬಂತು. ಯಾವುದು ಮೊದಲು ಎಂದು ನಾನು ಕೇಳಲು ಹೋಗಲಿಲ್ಲ, ಅವಳ ಕೈಯಲ್ಲಿ ಸ್ಪ್ಯಾನರ್ ಇತ್ತು.

೭

ನಿಮ್ಮ ಅನುಕೂಲಕ್ಕೆ ಎರಡು ಮುಕ್ತಾಯ ಸಿದ್ಧವಿಟ್ಟಿದ್ದೆ. ಒಂದರಲ್ಲಿ ನೂರ ತೊಂಬತ್ತು ಕುದುರೆ ಬಂದು, ಅಣ್ಣ ಕಣ್ಣೀರು ಸುರಿಸಿ, ಡಾಕ್ಟರು ಚಪ್ಪಾಳೆ ತಟ್ಟುತ್ತಾರೆ. "ಥೂ" ಎಂದಳು ತಂಗಿ. ಇನ್ನೊಂದರಲ್ಲಿ ಎಂಜಿನ್ ನಿಜಕ್ಕೂ ಒಡೆದು, ಅಣ್ಣನ ಮಾತೇ ಗೆಲ್ಲುತ್ತದೆ. "ನಾನೇ ಒಪ್ಪಲ್ಲ" ಎಂದ ಅಣ್ಣ.

ಇಬ್ಬರೂ ಸೇರಿ ಬಿಲ್ಲೆಯಿಲ್ಲದೆ ಪೈಪು ಜೋಡಿಸಿದರು. ಕಾರು ರೋಲರ್ ಮೇಲೆ ಮತ್ತೆ ಓಡಿತು. ತಗಡಿನ ಗೋಡೆ ನಡುಗಿತು, ಡಾಕ್ಟರು ಕಿವಿ ಮುಚ್ಚಿಕೊಂಡರು. ಗಾಡಿ ನಿಂತಿತು. ಯಂತ್ರದ ಪರದೆಯ ಮೇಲೆ ಸಂಖ್ಯೆ ಮೂಡುತ್ತಲೇ ತಂಗಿ ತನ್ನ ಅಂಗೈಯನ್ನು ಅದರ ಮೇಲೆ ಒತ್ತಿಟ್ಟಳು.

"ಕೈ ತೆಗಿ" ಎಂದ ಅಣ್ಣ. "ಎಷ್ಟು ಬಂತು?"

"ಆಮೇಲೆ ತೋರಿಸ್ತೀನಿ. ಮೊದ್ಲು ನೀನು ಹೇಳಣ್ಣ. ಕಮ್ಮಿ ಬಂದಿದ್ರೆ ನಾನು ಹೋಗ್ಬೇಕಾ?"

ಅಣ್ಣ ಅವಳ ಕೈ ನೋಡಿದ, ಮುಖ ನೋಡಿದ, ಕೊನೆಗೆ ನನ್ನ ಕಡೆ ತಿರುಗಿದ.

"ಸಾರ್, ನೀವು ಬರೆಯೋರು. ನಂಗೊಂದು ಮಾತು ಬರ್ಕೊಡಿ. ಚೆನ್ನಾಗಿರೋದು."

ನನ್ನ ಬಳಿ ಇತ್ತು. ಬಹಳ ಚೆನ್ನಾಗಿರೋದೇ ಇತ್ತು. ಓದಿದರೆ ನೀವೂ ಕರವಸ್ತ್ರ ಹುಡುಕುತ್ತಿದ್ದಿರಿ. ಕೊಡಲಿಲ್ಲ.

"ಹೋಗು ಅನ್ನುವಾಗ ನನ್ನ ಕೇಳಿದ್ರಾ, ಮೇಸ್ತ್ರಿ?" ಎಂದೆ. "ಇದನ್ನೂ ನೀವೇ ಹೇಳಿ."

ಪೆನ್ನಿನ ಮುಚ್ಚಳ ಹಾಕಿ ಜೇಬಿಗಿಟ್ಟುಕೊಂಡೆ. ಅಣ್ಣ ಗಂಟಲು ಸರಿಮಾಡಿಕೊಳ್ಳುತ್ತಿದ್ದಾನೆ. ತಂಗಿ ಇನ್ನೂ ಕೈ ತೆಗೆದಿಲ್ಲ.