ಇಲ್ಲದ ಬ್ರೇಕಿನ ಸದ್ದು

ಗಡಿಯಾರದ ಮಾವನಿಗೆ ನಡೆಯುತ್ತ ನಡೆಯುತ್ತ ಥಟ್ಟನೆ ನಿಂತುಬಿಡುವ ಅಭ್ಯಾಸ. ಮೊಣಕೈ ಸವೆದ ಕಂದು ಕೋಟು, ಬಲಕ್ಕೆ ವಾಲಿದ ಕತ್ತು, ಮೇಲೆತ್ತಿದ ಒಂದು ಬೆರಳು. ಹಿಂದೆ ಬರುವವರು ಬೆನ್ನಿಗೆ ಢಿಕ್ಕಿ ಹೊಡೆದರೂ ಲಕ್ಷ್ಯವಿಲ್ಲ. "ಕೇಳಿ, ಕೇಳಿ" ಎನ್ನುತ್ತಾರೆ. ಯಾರದೋ ಮನೆಯ ಫ್ಯಾನಿನ ಬೇರಿಂಗು ಸವೆದಿದೆಯೆಂಬುದು ಆ ಮನೆಯವರಿಗಿಂತ ತಿಂಗಳು ಮೊದಲು, ರಸ್ತೆಯಲ್ಲಿ ನಿಂತ ಇವರಿಗೆ ತಿಳಿಯುತ್ತದೆ. ಮನೆಯ ಮುಂಗೋಣೆಯನ್ನೇ ಅಂಗಡಿ ಮಾಡಿಕೊಂಡು ನಲವತ್ತು ವರ್ಷದಿಂದ ಗಡಿಯಾರ ರಿಪೇರಿ ಮಾಡುತ್ತ ಬಂದವರು. ಮುಚ್ಚಳ ತೆಗೆಯುವ ಮುನ್ನವೇ, ಕಿವಿಗೆ ಹಿಡಿದು, ಯಾವ ಚಕ್ರದ ಹಲ್ಲು ಕೈಕೊಟ್ಟಿದೆ ಎಂದು ಹೇಳಬಲ್ಲವರು. ಅವರ ವಿದ್ಯೆ, ಅನ್ನ, ಅಭಿಮಾನ ಎಲ್ಲವೂ ಆ ಎರಡು ಕಿವಿಗಳಲ್ಲೇ ಇವೆ.

ಇಂಥವರ ಹೊಸ ಕಾರಿನಲ್ಲಿ ಎರಡನೆಯ ತಿಂಗಳಿಗೇ ಕಿರ್ರ್ ಎಂಬ ಸದ್ದು ಶುರುವಾಯಿತು. ಬ್ರೇಕ್ ಹಾಕಿದಾಗ ಮಾತ್ರ ಬರುವ, ಕೂದಲೆಳೆಯಷ್ಟು ಸಣ್ಣ ಸದ್ದು. ಶೋರೂಮಿನ ಸರ್ವೀಸ್ ವಿಭಾಗದವರು ಬ್ರೇಕ್ ಪ್ಯಾಡ್ ಬದಲಾಯಿಸಿದರು. ಸದ್ದು ಹೋಗಲಿಲ್ಲ. ಎರಡನೆಯ ಸಲ ಚಕ್ರಗಳನ್ನೇ ಬಿಚ್ಚಿ ಜೋಡಿಸಿ, ತಾವೇ ಓಡಿಸಿ ನೋಡಿ, "ಏನೂ ಇಲ್ಲ ಸಾರ್, ಗಾಡಿ ಬೆಣ್ಣೆ ಥರ ಇದೆ" ಎಂದು ಕೈತೊಳೆದುಕೊಂಡರು. ವಿಚಿತ್ರವೆಂದರೆ, ಸರ್ವೀಸಿಗೆಂದು ಒಬ್ಬರೇ ಓಡಿಸಿಕೊಂಡು ಹೋಗುವಾಗ ಮಾವನಿಗೂ ಅದು ಕೇಳಿಸುತ್ತಿರಲಿಲ್ಲ, ಡಾಕ್ಟರ ಬಾಗಿಲಲ್ಲಿ ಹಲ್ಲುನೋವು ಮಾಯವಾಗುವ ಹಾಗೆ. ಮನೆಯಲ್ಲಿ ಸಾಕ್ಷಿ ಹೇಳುವವರೂ ಇರಲಿಲ್ಲ. ಪಕ್ಕದಲ್ಲಿ ಕೂರುವ ಅತ್ತೆ ಪ್ರತಿ ಬ್ರೇಕಿಗೂ "ರೀ, ನಿಧಾನ!" ಎಂದು ಕೂಗುವ ಅಬ್ಬರದಲ್ಲಿ ಆ ಸದ್ದು ಅವರಿಗೂ ಹಿಂದೆ ಕೂತ ಮಗಳಿಗೂ ಕೇಳಿಸುವುದಾದರೂ ಹೇಗೆ?

"ಅಪ್ಪಾ, ತೊಂದ್ರೆ ಗಾಡೀದಲ್ಲ, ಕಿವೀದೇ ಇರ್ಬೇಕು. ಡಾಕ್ಟ್ರಿಗೆ ತೋರ್ಸೋಣ" ಎಂದಳು ಮಗಳು, ಮೃದುವಾಗಿಯೇ. ಆ ಮಾರ್ದವವೇ ಅವರನ್ನು ಹೆಚ್ಚು ಚುಚ್ಚಿತು. ಇಲ್ಲದ ಸದ್ದನ್ನು ಕೇಳುವ ಕಿವಿಯನ್ನು ನಂಬಿ ಇನ್ನೊಬ್ಬರ ಗಡಿಯಾರ ಬಿಚ್ಚುವುದು ಹೇಗೆ? ಆ ವಾರವೆಲ್ಲ ಅವರು ಒಂದು ಗಡಿಯಾರವನ್ನೂ ಮುಟ್ಟಲಿಲ್ಲ. "ಇನ್ನೊಂದೇ ಸಲ ತೋರಿಸ್ತೀನಿ. ಆಗಲೂ ಇಲ್ಲ ಅಂದ್ರೆ ಅಂಗಡಿ ಮುಚ್ಚಿಬಿಡ್ತೀನಿ" ಎಂದರು. ಅವರಿಗೆ ನಿಜಕ್ಕೂ ಭಯವಾಗಿತ್ತು.

ಮೂರನೆಯ ಸಲ, ಕನ್ನಡಕದಂಗಡಿಗೆ ಹೋಗಬೇಕಿದ್ದ ಅತ್ತೆಯೂ ಜೊತೆಗೆ ಹೊರಟರು. ಸರ್ವೀಸಿನಲ್ಲಿ ಆ ದಿನ ಇದ್ದವರು ಹಿರಿಯ ಮೆಕ್ಯಾನಿಕ್, ಮಾತು ಕಡಿಮೆಯ ಹೆಂಗಸು. "ನಾನು ಓಡ್ಸಲ್ಲ. ನೀವಿಬ್ರೂ ದಿನಾ ಹೇಗೆ ಹೋಗ್ತೀರೋ ಹಾಗೇ ಹೋಗಿ" ಎಂದು ಹಿಂದಿನ ಸೀಟಿನಲ್ಲಿ ಕೂತರು. ಗೇಟಿನ ಬಳಿ ಮಾವ ಬ್ರೇಕ್ ಒತ್ತಿದರು, ಅತ್ತೆ ಕೂಗಿದರು. ಮೆಕ್ಯಾನಿಕ್ ಮುಂದಕ್ಕೆ ಬಾಗಿ, "ಅಮ್ಮಾ, ಈ ಸಲ ಕೂಗ್ಬೇಡಿ. ಬೇಕಾದ್ರೆ ಹೆದರ್ಕೊಳ್ಳಿ" ಎಂದರು. ಅತ್ತೆ ತುಟಿ ಬಿಗಿಹಿಡಿದು ಕೂತರು. ಮತ್ತೆ ಬ್ರೇಕ್. ಕಿರ್ರ್.

"ಇದೆ ಸಾರ್. ಸದ್ದಿದೆ."

ಮಾವ ಸ್ಟಿಯರಿಂಗಿಗೆ ಹಣೆಯಾನಿಸಿದರು. ಹೋದ ಜೀವ ಬಂದಂತಾಗಿತ್ತು.

ಸದ್ದು ಬಂದದ್ದು ಅತ್ತೆಯ ಕಾಲಡಿಯಿಂದ. ಮಾವ ಬ್ರೇಕ್ ಒತ್ತಿದಾಗಲೆಲ್ಲ ಅತ್ತೆಯೂ ತಮ್ಮ ಬದಿಯಲ್ಲಿ ಇಲ್ಲದ ಬ್ರೇಕೊಂದನ್ನು ಬಲಗಾಲಿನಿಂದ ಬಲವಾಗಿ ಒತ್ತುತ್ತಿದ್ದರು. ಮ್ಯಾಟಿನ ಕೆಳಗೆ ಕ್ಲಿಪ್ಪೊಂದು ಮುರಿದು, ಪ್ಲಾಸ್ಟಿಕ್ಕಿನ ಹಲಗೆ ತಗಡಿಗೆ ತಿಕ್ಕುತ್ತಿತ್ತು. ಹತ್ತು ನಿಮಿಷದಲ್ಲಿ ಹೊಸ ಕ್ಲಿಪ್ಪು ಕೂತಿತು.

"ಯಾವಾಗಿಂದ ಹೀಗೆ ಒತ್ತುತ್ತಿದೀಯ?" ಎಂದು ಮಾವ ನಗುತ್ತಲೇ ಕೇಳಿದರು.

"ನೀವು ಮೊದಲ್ನೇ ಗಾಡಿ ತಗೊಂಡಾಗಿಂದ. ನಿಧಾನ ಅಂತ ಹೇಳ್ತಾನೇ ಇದೀನಲ್ಲ, ಕೇಳಿಸ್ಕೊಂಡಿದ್ರೆ ತಾನೆ?"

ಮೊದಲ ಗಾಡಿ ಬಂದು ಇಪ್ಪತ್ತಾರು ವರ್ಷವಾಗಿತ್ತು. ಮಾವನ ನಗು ಅಲ್ಲಿಗೇ ನಿಂತಿತು.

ಅಂಗಡಿ ಮರುದಿನವೇ ತೆರೆಯಿತು, ಕಿವಿಗಳ ಮರ್ಯಾದೆ ಉಳಿದದ್ದು ಊರಿಗೆಲ್ಲ ಗೊತ್ತಾಯಿತು. ಆದರೆ ಕಾರು ಮಾತ್ರ ಈಗ ಸೈಕಲ್ಲಿನವರೂ ಹಿಂದೆ ಹಾಕುವಷ್ಟು ನಿಧಾನ. ಬ್ರೇಕ್ ಒತ್ತುವಾಗ ಮಾವ ಕತ್ತು ವಾಲಿಸುವುದಿಲ್ಲ. ಅತ್ತೆಯ ಬಲಗಾಲು ಸುಮ್ಮನಿದೆಯೇ ಎಂದು ಓರೆಗಣ್ಣಿನಿಂದ ನೋಡುತ್ತಾರೆ. ವಸ್ತುಗಳ ಅತಿಸೂಕ್ಷ್ಮ ನರಳಿಕೆಗೂ ಕರಗುವ ಈ ಜಾತಿಯ ಜನರಿಗೆ, ಪಕ್ಕದಲ್ಲಿ ಕೂತವರು ವರ್ಷಗಟ್ಟಲೆ ಬಾಯಿಬಿಟ್ಟು ಹೇಳಿದ ಭಯ ಕಿವಿಗೆ ಬೀಳುವುದೇ ಇಲ್ಲ. ಬಿದ್ದ ದಿನ ಮಾತ್ರ, ಅದರ ರಿಪೇರಿಗೆ ಅವರು ಇನ್ನೊಬ್ಬರ ಬಾಗಿಲಿಗೆ ಹೋಗುವುದಿಲ್ಲ.